ಹೆಂಚು ಹೊದೆಸಿ ಆಯಿತು, ಎಲ್ಲರಿಗೂ ಥ್ಯಾಂಕ್ಸ್

ತೌಕ್ತೆ ಚಂಡಮಾರುತಕ್ಕೆ ಹೆಂಚು ಹಾರಿಹೋಗಿದ್ದ ನಮ್ಮ ಮನೆ ಮಾಡಿಗೆ ನಿನ್ನೆ ಸಂಜೆ ಹೆಂಚು ಹೊದೆಸಿ ಆಯಿತು. ಮಳೆಗಾಲ ಜೋರಾಗುವ ಮೊದಲೇ ಮುಗಿಯಿತಲ್ಲ, ಅದೇ ದೊಡ್ಡದು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಲು ಆಗುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ತೌಕ್ತೆ ಅಂತ ಹೆಸರಿಟ್ಟಿದ್ದು ಮ್ಯಾನ್ಮಾರ್‌ನವರು, ಹಾಗಂದರೆ ಹಲ್ಲಿಯಂತೆ. ಹಲ್ಲಿಯೇ ಹೀಗಾದರೆ ಮೊಸಳೆ ಹೇಗೋ! ನಿಜ ಹೇಳಬೇಕೆಂದರೆ ಅದು ನಮ್ಮಲ್ಲಿ ದಡ ಹತ್ತಲೇ ಇಲ್ಲ, ದೂರದಲ್ಲೇ ಹಾದು ಹೋಗಿ 2021ರ ಮೇ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಆದರೂ ಮೇ 15ರ ಶನಿವಾರ ಮರವಂತೆಯ ಕಡಲು ಕಲ್ಲಿನ ತಡೆಗೋಡೆ ಹಾರಿ ಬಂತು. ಪಕ್ಕದ ನಾಡ ಗ್ರಾಮದಲ್ಲಿ ಒಂದೇ ದಿನಕ್ಕೆ 385 ಮಿ.ಮೀ. ಮಳೆ. ಹೆಂಚು ಹಾರಿತು, ತೆಂಗು ಬುಡಮೇಲಾಯಿತು, ಅವನ್ನೆಲ್ಲ ಹೇಗೋ ತಡೆದುಕೊಂಡೆವು. ಅಮ್ಮ ಅತ್ತದ್ದು ಮಾತ್ರ ಉಪ್ಪುನೀರು ಬಾವಿಗೆ ಇಳಿದಾಗ. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಒಂದು ತಂಬಿಗೆ ಇಲ್ಲ.

ಲಾಕ್‌ಡೌನ್ ಬೇರೆ. ಯಾರಾದರೂ ಕೆಮ್ಮಿದರೆ ಬಾಗಿಲು ಹಾಕಿಕೊಳ್ಳುವ ಕಾಲ. ಅಂಥ ಹೊತ್ತಲ್ಲಿ ಹೆದ್ದಾರಿ ಆಚೆಯ ಅಕ್ಕ ಮಳೆಯಲ್ಲೇ ಬಂದು, "ಕೊರೊನಾ ಗಿರೊನಾ ಆಮೇಲ್ ಕಾಂಬ, ಮೊದ್ಲ್ ಅಮ್ಮನ್ನ ಕರ್ಕಂಡ್ ಬಾ" ಅಂದರು. ಒಂಬತ್ತು ದಿನ ಅವರ ಜಗಲಿಯಲ್ಲೇ ಇದ್ದೆವು. ಮನೆಗೆ ಮರಳಿದ ಮೇಲೂ ದಿನಾ ಬೆಳಿಗ್ಗೆ ಎರಡು ಕೊಡ ಸಿಹಿನೀರು ಅವರ ಬಾವಿಯಿಂದಲೇ. ಅಕ್ಕಾ, ನಿಮಗೆ ಥ್ಯಾಂಕ್ಸ್ ಅಂದರೆ ಬೈತೀರಿ, ಗೊತ್ತು, ಆದರೂ ಅಂದೆ.

ಅಲೆ ಎದೆಮಟ್ಟ ಇರುವಾಗಲೂ ಹಗ್ಗ ಕಟ್ಟಿ ನಮ್ಮ ನಾಡದೋಣಿಯನ್ನು ರಸ್ತೆವರೆಗೆ ಎಳೆದ ಕೇರಿಯ ಹುಡುಗರೇ, ಬಲೆ ಹೋದರೂ ದೋಣಿ ಉಳಿಯಿತು. ಕಂಬದಿಂದ ಕಂಬಕ್ಕೆ ಒದ್ದೆ ಬಟ್ಟೆಯಲ್ಲೇ ಓಡಾಡಿದ ಲೈನ್‌ಮನ್ ಅಣ್ಣಂದಿರಿಗೆ ಒಂದು ಲೋಟ ಚಹಾ ಕೊಡಲೂ ಆಗಲಿಲ್ಲ, ಕ್ಷಮೆ ಇರಲಿ. ಮತ್ತೆ ಬೆಂಗಳೂರಿನಲ್ಲಿ ಬೇಕರಿ ಇಟ್ಟಿರುವ ನಮ್ಮೂರಿನವರು, ಸ್ವಂತ ವ್ಯಾಪಾರವೇ ಅರ್ಧ ನಿಂತಿರುವಾಗ ಹೆಂಚಿಗೆ ದುಡ್ಡು ಕಳಿಸಿದಿರಲ್ಲ, ಅದನ್ನು ಹೇಗೆ ತೀರಿಸೋದು ಹೇಳಿ! ಫೋಟೊ ತೆಗೆದುಕೊಂಡು ಹೋದವರೂ ಇದ್ದರು. ಅವರ ಮಾತು ಬೇಡ ಬಿಡಿ.

ಬಾವಿಯನ್ನು ಮೂರು ಸಲ ಪಂಪ್ ಹಚ್ಚಿ ಖಾಲಿ ಮಾಡಿಸಿದೆವು. ನೀರು ಇನ್ನೂ ಚೂರು ಉಪ್ಪುಪ್ಪು, ಬಟ್ಟೆಪಾತ್ರೆಗೆ ಸಾಕು. ನಾಲ್ಕು ಮಳೆ ಸರಿಯಾಗಿ ಬಿದ್ದರೆ ತಿಳಿಯಾಗುತ್ತದೆ ಅಂತಾರೆ. ಅಲ್ಲಿಯವರೆಗೆ ನಿಮ್ಮ ಕೊಡ ನಮ್ಮಲ್ಲೇ ಇರಲಿ ಅಕ್ಕಾ.