ಬಾರದೆ ಹೋದದ್ದು ಬಸ್ಸು, ನಾವಲ್ಲ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಮಂಗಳೂರು–ಚೆನ್ನೈ ಸ್ಲೀಪರ್ ಬಸ್ ಸೇವೆ

ವಿಷಯ: ಹಾಸನದಲ್ಲಿ ನಮ್ಮನ್ನು ಹತ್ತಿಸಿಕೊಳ್ಳದೆ ಹೋದ ಬಸ್ಸು, ಆಮೇಲೆ ನಮ್ಮ ಟಿಕೆಟ್ ಮೇಲೆ ಹಾಕಿದ ‘ನೋ ಶೋ’ (ಪ್ರಯಾಣಿಕರೇ ಬರಲಿಲ್ಲ ಅನ್ನುವ ಷರಾ)

ಮಾನ್ಯರೇ,

ಹೋದ ಶನಿವಾರ ರಾತ್ರಿ 8:45ಕ್ಕೆ ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ನಾವು ಮೂವರು ನಿಮ್ಮ ಬಸ್ ಹತ್ತಬೇಕಿತ್ತು. ನಾನು, ನನ್ನ ಮಗ, ನಮ್ಮಮ್ಮ. ಇಳಿಯಬೇಕಾಗಿದ್ದದ್ದು ಶ್ರೀಪೆರುಂಬುದೂರಿನಲ್ಲಿ. ಟಿಕೆಟ್‌ಗೆ 4,350 ರೂಪಾಯಿ ತಿಂಗಳ ಮೊದಲೇ ಕಟ್ಟಿದ್ದೆ.

8:20ಕ್ಕೆ ‘ಬಸ್ 40 ನಿಮಿಷ ತಡ’ ಅಂತ ಮೆಸೇಜ್ ಬಂತು. ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಿದೆ ಅಂದರು. ಅದಕ್ಕೆ ನನ್ನ ತಕರಾರಿಲ್ಲ. ಮಳೆಗಾಲದ ಶಿರಾಡಿ ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 9:25ಕ್ಕೆ ನಿಮ್ಮ ಡ್ರೈವರ್ ಫೋನ್ ಮಾಡಿ, ‘ಸಿಟಿ ಒಳಗೆ ಬರಲ್ಲ ಸಾರ್, ಬೈಪಾಸ್‌ಗೆ ಬಂದ್ಬಿಡಿ’ ಅಂದರು. ಜಡಿಮಳೆ. ಸಿಕ್ಕ ಆಟೋದವನು 250 ಕೇಳಿದ, ಕೊಟ್ಟೆ. ಬೈಪಾಸ್ ತಲುಪಿದಾಗ ಅಲ್ಲಿ ಬಸ್ಸೂ ಇಲ್ಲ, ದೀಪವೂ ಇಲ್ಲ. ಮೊಬೈಲಿನಲ್ಲಿ ನಿಮ್ಮ ಬಸ್ಸಿನ ಹಸಿರು ಚುಕ್ಕೆ ಶಾಂತಿಗ್ರಾಮದ ಟೋಲ್ ದಾಟಿ ಹೋಗುತ್ತಿತ್ತು. ಮಗ ಅದನ್ನೇ ನೋಡುತ್ತಾ ನಿಂತಿದ್ದ. ಮತ್ತೆ ಫೋನ್ ಮಾಡಿದರೆ, ‘ಚನ್ನರಾಯಪಟ್ಟಣಕ್ಕೆ ಬನ್ನಿ, ಅಲ್ಲಿ ಟೀಗೆ ನಿಲ್ಲಿಸ್ತೀವಿ’ ಅಂತ ಉತ್ತರ. ಸುಮಾರು 38 ಕಿಲೋಮೀಟರ್ ಆಟೋದಲ್ಲಿ ಓಡಿ ಬಸ್ ಹಿಡಿಯಬೇಕಂತೆ. ನಾವು ರೇಸ್ ನೋಡೋಕೆ ಹೊರಟವರು, ಓಡಿಸೋಕಲ್ಲ.

ಯಾವ ರೇಸ್ ಅಂತಲೂ ಹೇಳಬೇಕು. ಶ್ರೀಪೆರುಂಬುದೂರಿನ ಹತ್ತಿರದ ಟ್ರ್ಯಾಕಿನಲ್ಲಿ ಭಾನುವಾರ ಇದ್ದ ಕಾರ್ ರೇಸ್. ಯಾಕೆಂದರೆ ನಿಮ್ಮ ಕಾಲ್ ಸೆಂಟರ್‌ನ ಹುಡುಗಿ, ‘ನಾಳೆ ರಾತ್ರಿ ಬಸ್ಸಿಗೆ ಹಾಕಿಕೊಡ್ತೀವಿ ಸಾರ್, ಎಕ್ಸ್‌ಟ್ರಾ ಚಾರ್ಜ್ ಇಲ್ಲ’ ಅಂದಳು. ಪಾಪ, ಅವಳದ್ದೇನು ತಪ್ಪಿಲ್ಲ. ಭಾನುವಾರದ ರೇಸ್‌ಗೆ ಸೋಮವಾರ ಬೆಳಿಗ್ಗೆ ಹೋಗಿ ಟೈರಿನ ಗುರುತು ನೋಡಿಕೊಂಡು ಬರಬೇಕಾ?

ನಮ್ಮಪ್ಪನಿಗೆ ಹಾಸನದಲ್ಲಿ ಒಂದು ಸಣ್ಣ ಗ್ಯಾರೇಜ್ ಇತ್ತು. ಫೆಬ್ರವರಿ ಬಂತೆಂದರೆ ಅದಕ್ಕೆ ಬೀಗ. ಬೆಂಗಳೂರಿಗೆ ಬಸ್ಸು, ಅಲ್ಲಿಂದ ಮದ್ರಾಸಿಗೆ ರೈಲು, ಮದ್ರಾಸಿನಿಂದ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಮೇಲೆ ಕಾರು, ಬೈಕು ಎಲ್ಲ ರೇಸ್ ಓಡಿಸುತ್ತಿದ್ದ ಕಾಲ ಅದು. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಶುರುವಾದ ಮೇಲೆ ಅಪ್ಪ ಅಲ್ಲಿಗೆ ಹೋಗತೊಡಗಿದರು. ಸುಮಾರು 3.7 ಕಿಲೋಮೀಟರ್, 12 ತಿರುವು. ಒಂದೊಂದು ತಿರುವಿನಲ್ಲೂ ಯಾವ ಗೇರ್ ಹಾಕಬೇಕು ಅಂತ ಊಟದ ತಟ್ಟೆ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತಿದ್ದರು. 2005ರಲ್ಲಿ ನಮ್ಮ ದೇಶದ ರೇಸರ್ ನರೇನ್ ಕಾರ್ತಿಕೇಯನ್ ವಿಶ್ವಮಟ್ಟದ ಕಾರ್ ರೇಸ್ ಫಾರ್ಮುಲಾ ಒನ್‌ಗೆ ಹೋದಾಗ ತಾನೇ ಕಳಿಸಿಕೊಟ್ಟ ಹಾಗೆ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದರು. 2011ರಲ್ಲಿ ಫಾರ್ಮುಲಾ ಒನ್ ಗ್ರೇಟರ್ ನೋಯ್ಡಾಕ್ಕೇ ಬಂತು. ಕರೆದುಕೊಂಡು ಹೋಗ್ತೀನಿ ಅಂದೆ. ‘ಮಾರುತಿ ಎಂಜಿನ್ ಕೂರಿಸಿದ ನಮ್ಮ ಎಲ್‌ಜಿಬಿ ರೇಸ್ ಕಾರಾದ್ರೆ ಸದ್ದಲ್ಲೇ ಖಾಯಿಲೆ ಹೇಳ್ತೀನಿ. ಅಲ್ಲಿ ಹೋಗಿ ಸುಮ್ನೆ ಕೂತ್ಕೊಂಡು ಏನ್ ಮಾಡ್ಲಿ?’ ಅಂದುಬಿಟ್ಟರು.

ಅಪ್ಪ ಹೋಗಿ ಆರು ವರ್ಷವಾಯಿತು. ಅಂದಿನಿಂದ ವರ್ಷಕ್ಕೊಂದು ಸಲ, ನ್ಯಾಷನಲ್ ಚಾಂಪಿಯನ್‌ಶಿಪ್‌ನ ಒಂದು ಸುತ್ತಿಗೆ ನಾವು ಮೂವರೂ ಹೋಗುತ್ತೇವೆ. ತಿಥಿಗೆ ಬಾರದ ನೆಂಟರೂ ‘ಈ ಸಲ ರೇಸಿಗೆ ಹೋಗ್ಲಿಲ್ವಾ?’ ಅಂತ ಕೇಳುತ್ತಾರೆ. ಅಪ್ಪನ ಎಚ್‌ಎಂಟಿ ವಾಚಿಗೆ ಅಮ್ಮ ವರ್ಷದಲ್ಲಿ ಅದೊಂದೇ ದಿನ ಕೀ ಕೊಡುವುದು. ಅಪ್ಪ ಲ್ಯಾಪ್ ಲೆಕ್ಕ ಹಾಕುತ್ತಿದ್ದದ್ದು ಅದರ ಸೆಕೆಂಡಿನ ಮುಳ್ಳಿನಲ್ಲೇ. ಮೊನ್ನೆ ಎನ್.ಆರ್. ಸರ್ಕಲ್‌ನಲ್ಲಿ ನಿಂತು ಅಮ್ಮ ನಿಮ್ಮ ಬಸ್ಸಿಗೆ ಟೈಮ್ ನೋಡಿದ್ದೂ ಅದೇ ವಾಚಿನಲ್ಲಿ, ಸೆರಗಿನಲ್ಲಿ ಗಾಜು ಒರೆಸಿಕೊಂಡು.

ಕೆಎಸ್ಆರ್‌ಟಿಸಿ ಹಿಡಿದು ಹೋಗಬಹುದಿತ್ತಲ್ವಾ ಅಂತ ನೀವು ಕೇಳಬಹುದು. ನಾನೂ ಲೆಕ್ಕ ಹಾಕಿದೆ. ಅಮ್ಮನಿಗೆ 71. ನೆನೆದ ಸೀರೆಯಲ್ಲಿ ರಾತ್ರಿ ಎರಡು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿ ಇನ್ನೊಂದು ಬಸ್ ಹುಡುಕುವ ಧೈರ್ಯ ಬರಲಿಲ್ಲ. ಮನೆಗೆ ವಾಪಸ್ ಬಂದೆವು. ದಾರಿಗೆ ಅಂತ ಕಟ್ಟಿದ್ದ ಪುಳಿಯೋಗರೆಯನ್ನು ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಕೂತು ತಿಂದೆವು. ಯಾರೂ ಮಾತಾಡಲಿಲ್ಲ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಸೋಮವಾರ ರೀಫಂಡ್ ಕೇಳಿದರೆ, ‘ಪ್ರಯಾಣಿಕರು ಬಂದಿಲ್ಲ, ನೋ ಶೋ, ಹಣ ವಾಪಸ್ ಇಲ್ಲ’ ಅಂತ ಉತ್ತರ ಕಳಿಸಿದಿರಿ. ಓದಿ ಹೇಳಿದಾಗ ಅಮ್ಮ ಒಂದೇ ಮಾತು ಕೇಳಿದರು: ‘ನಾವು ಬರ್ಲಿಲ್ಲ ಅಂತ ಬರ್ದಿದ್ದಾರಾ?’

ಆದ್ದರಿಂದ ಮೊದಲು ಆ ‘ನೋ ಶೋ’ ತೆಗೆಯಿರಿ. ಹತ್ತಿಸಿಕೊಳ್ಳುವ ಜಾಗಕ್ಕೆ ಬಸ್ ಬರಲಿಲ್ಲ ಅಂತ ನಿಮ್ಮ ದಾಖಲೆಯಲ್ಲಿ ಬರೆದು, ಅದನ್ನು ನನಗೆ ಲಿಖಿತವಾಗಿ ಕಳಿಸಿ. ಟಿಕೆಟ್ ಹಣ ಪೂರ್ತಿ, ಜೊತೆಗೆ ಆಟೋದ 250 ವಾಪಸ್ ಕೊಡಿ. ಸಿಟಿ ಒಳಗೆ ಬರುವುದಿಲ್ಲವಾದರೆ ಟಿಕೆಟ್‌ನಲ್ಲಿ ಎನ್.ಆರ್. ಸರ್ಕಲ್ ಅಂತ ಹಾಕಬೇಡಿ. ನೂರು ರೂಪಾಯಿಯ ಡಿಸ್ಕೌಂಟ್ ಕೂಪನ್ ಕಳಿಸಿದ್ದೀರಿ, ಅದು ನಮಗೆ ಬೇಡ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಟಿಕೆಟ್, ಡ್ರೈವರ್ ಜೊತೆಗಿನ ಕರೆಗಳ ಸಮಯ, ಶಾಂತಿಗ್ರಾಮ ದಾಟಿದ ಹಸಿರು ಚುಕ್ಕೆಯ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
7, 8, 9ನೇ ಬರ್ತ್‌ನವರ ಪರವಾಗಿ,
ಹಾಸನ