ಬಾರುಕೋಲಿನ ಸಲುವಾಗಿ ಅವ್ವನಿಗೆ

ಟೂವೂಂಬಾ, ಕ್ವೀನ್ಸ್‌ಲ್ಯಾಂಡ್
ಭಾನುವಾರ ರಾತ್ರಿ

ಅವ್ವನಿಗೆ ಶರಣು. ಅಪ್ಪ, ಕಾಕಾ, ಚಿಗವ್ವ ಎಲ್ಲರಿಗೂ ಶರಣಾರ್ಥಿ. ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ.

ಲೀಲಾಳಿಂದ ನೀನು ಬರೆಸಿದ ಪತ್ರ ಗುರುವಾರ ಬಂತು. ಅಕ್ಷರ ಅವಳದು, ಸಿಟ್ಟು ನಿನ್ನದು. ಮೊದಲೇ ಹೇಳಿಬಿಡುತ್ತೇನೆ: ನಾನು ಕೆಲಸ ಬಿಟ್ಟಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಟ್ರ್ಯಾಕ್ಟರ್ ವರ್ಕ್‌ಶಾಪಿಗೆ ಹೋಗುತ್ತಿದ್ದೇನೆ, ಸಂಬಳ ಬರುತ್ತಿದೆ. ತೊಗಲಿನ ಕೆಲಸ ಶನಿವಾರಕ್ಕೆ ಮಾತ್ರ. "ಹುಡುಗಿಯ ಅಣ್ಣ ಆಸ್ಟ್ರೇಲಿಯಾಕ್ಕೆ ಹೋಗಿ ತೊಗಲು ಕೊಯ್ಯುತ್ತಾನಂತೆ" ಎಂದು ತಂಗಿಯ ಸಂಬಂಧದ ಮಾತಾಡುತ್ತಿರುವ ಬೈಲಹೊಂಗಲದವರು ಅಂದರೆಂದು ಬರೆಸಿದ್ದೀಯಲ್ಲ, ಅದರಲ್ಲಿ ಸುಳ್ಳೇನೂ ಇಲ್ಲ. ಕೊಯ್ಯುತ್ತೇನೆ. ಆದರೆ ಅವರು ಅಂದುಕೊಂಡ ಹಾಗಲ್ಲ, ಕೇಳು.

ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ಒಬ್ಬ ಮುದುಕನಿದ್ದಾನೆ. ಕುದುರೆಯ ಜೀನು ಹೊಲಿದವನು, ಈಗ ಚಾಟಿ ಮಾತ್ರ ಹೆಣೆಯುತ್ತಾನೆ. ಇಲ್ಲಿ ದನ ಅಟ್ಟುವವರು ಕುದುರೆಯ ಮೇಲೆ ಕುಳಿತು ಬೀಸುವ ಚಾಟಿ. ದನಕ್ಕೆ ಹೊಡೆಯುವುದಕ್ಕಲ್ಲ, ಗಾಳಿಯಲ್ಲಿ ಸಿಡಿಸುವುದಕ್ಕೆ. ಅದರ ತುದಿ ಶಬ್ದಕ್ಕಿಂತ ವೇಗವಾಗಿ ಓಡುವುದರಿಂದಲೇ ಆ ಸಿಡಿಲಿನಂಥ ಸದ್ದು. ದುರಗಮುರಗಿಯವನು ಬಾಗಿಲಿಗೆ ಬಂದು ಚಾಟಿ ಸಿಡಿಸಿದಾಗ ಲೀಲಾ ನಿನ್ನ ಸೆರಗಿನಲ್ಲಿ ಅಡಗುತ್ತಿದ್ದಳಲ್ಲ, ಅದೇ ಸದ್ದು. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್ ಶುರುವಾದದ್ದೂ ಕುದುರೆ ಸವಾರನೊಬ್ಬ ಮೈದಾನದೊಳಗೆ ಬಂದು ಚಾಟಿ ಸಿಡಿಸಿದ ಮೇಲೆಯೇ. ನಮ್ಮ ಮಲ್ಲೇಶ್ವರಿ ಭಾರ ಎತ್ತಿ ಕಂಚು ಗೆದ್ದ ವರ್ಷ, ಕಾಕಾನಿಗೆ ನೆನಪಿರಬೇಕು. ಇಲ್ಲಿ ಇದು ಮರ್ಯಾದೆಯ ಕಸುಬು ಎಂದು ಬೈಲಹೊಂಗಲದವರಿಗೆ ಯಾರಾದರೂ ಹೇಳಿದರೆ ಒಳ್ಳೆಯದು.

ತೊಗಲು ಕ್ಯಾಂಗರೂವಿನದು. ಒಂದು ಮಿಲಿಮೀಟರಿಗಿಂತ ತೆಳ್ಳಗಿದ್ದರೂ ಎಳೆದರೆ ಹರಿಯುವುದಿಲ್ಲ. ಈ ದೇಶದವರ ಲಾಂಛನದಲ್ಲಿ ಒಂದು ಕಡೆ ಕ್ಯಾಂಗರೂ, ಇನ್ನೊಂದು ಕಡೆ ಎಮು, ಎರಡನ್ನೂ ತಿನ್ನುತ್ತಾರೆ. ನಮ್ಮ ಗಂಡಭೇರುಂಡ ಇವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ನಾನು ತಿಂದಿಲ್ಲ, ತಿನ್ನುವುದೂ ಇಲ್ಲ, ಲಿಂಗದ ಆಣೆ. ಹೆಣೆಯುವಾಗ ಬಾರಿಗೆ ಸಾಬೂನು ಮತ್ತು ಕೊಬ್ಬು ಕುದಿಸಿದ ಮುದ್ದೆಯೊಂದನ್ನು ಸವರುತ್ತಾರೆ. ಯಾವ ಕೊಬ್ಬು ಎಂದು ನಾನು ಕೇಳಿಲ್ಲ, ನೀನೂ ಕೇಳಬೇಡ.

ಬಾರು ಕೊಯ್ಯುವುದೆಂದರೆ ಪಟ್ಟಿ ಇಟ್ಟು ಗೆರೆ ಎಳೆಯುವುದಲ್ಲ. ತೊಗಲು ಇರುವುದು ಗೋಣಿಚೀಲದಷ್ಟು, ಬಾರು ಬೇಕಾದದ್ದು ಮಾರುಗಟ್ಟಲೆ. ಕುತ್ತಿಗೆ, ಕಾಲಿನ ಚುಂಗುಗಳನ್ನು ತೆಗೆದು ಮೂಲೆಗಳನ್ನು ದುಂಡಗೆ ಮಾಡಿಕೊಂಡು, ಹೊರ ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಒಂದೇ ಬಾರು ತೆಗೆಯಬೇಕು. ನೀನು ಚಕ್ಕುಲಿ ಸುತ್ತುವುದು ಒಳಗಿನಿಂದ ಹೊರಕ್ಕೆ, ಇದು ಹೊರಗಿನಿಂದ ಒಳಕ್ಕೆ. ಚೂರಿಯನ್ನು ಹಲಗೆಗೆ ನೆಟ್ಟಿರುತ್ತಾನೆ, ಅದು ಅಲುಗುವಂತಿಲ್ಲ. ಎಡಗೈ ಹೆಬ್ಬೆರಳಿನ ಉಗುರನ್ನು ತೊಗಲಿನ ಅಂಚಿಗೆ ಆನಿಸಬೇಕು. ಉಗುರಿಗೂ ಅಲಗಿಗೂ ನಡುವಿನ ಸಂದಿಯೇ ಬಾರಿನ ಅಗಲ. ಬಲಗೈ ಕೊಯ್ದ ಬಾರನ್ನು ಎಳೆಯುತ್ತಾ ಹೋಗಬೇಕು. ಉಸಿರು ಬಿಗಿಹಿಡಿದರೆ ಉಗುರು ಜಾರುತ್ತದೆ.

ಹೊಟ್ಟೆಯ ಕಡೆಯ ತೊಗಲು ಹಿಗ್ಗುತ್ತದೆ, ಬೆನ್ನಿನದು ಬಿಗಿ. ಹಾಗಾಗಿ ಮೊದಲು ಅಗಲವಾಗಿ ಕೊಯ್ದು, ಜಗ್ಗಿ, ಹಿಗ್ಗಿದ ಮೇಲೆ ಮತ್ತೆ ಅಳತೆಗೆ ಕೊಯ್ಯಬೇಕು. ಹಿಡಿಯ ಕಡೆ 6 ಮಿಲಿಮೀಟರ್ ಇದ್ದದ್ದು ತುದಿಗೆ 3 ಆಗಬೇಕು, ಅದೂ ಕಣ್ಣಿಗೆ ಗೊತ್ತಾಗದಂತೆ. ಆಮೇಲೆ ಒಳಬದಿಯ ಎರಡೂ ಅಂಚುಗಳನ್ನು ಓರೆಯಾಗಿ ಹೆರೆಯಬೇಕು, ಇಲ್ಲದಿದ್ದರೆ 12 ಎಳೆಯ ಹೆಣಿಗೆ ಮೆಟ್ಟಿಲುಮೆಟ್ಟಿಲಾಗಿ ಏಳುತ್ತದೆ. ನನ್ನ ಮೊದಲ ಬಾರು ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಮುದುಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಅದರಿಂದ ಟೊಮೆಟೊ ಗಿಡವನ್ನು ಕೋಲಿಗೆ ಕಟ್ಟಿ ಬಂದ.

ಬೆರಳಿನ ಪಟ್ಟಿಯ ಬಗ್ಗೆ ಕೇಳಿದ್ದೀಯ. ಎಡಗೈ, ಬಲಗೈ ಅಲ್ಲ. ಎರಡೇ ಹೊಲಿಗೆ, ಬಿಚ್ಚಿಯೂ ಆಯಿತು. ನೋವಿಲ್ಲ, ಕೀವಿಲ್ಲ, ಜ್ವರವಿಲ್ಲ. ಚಪಾತಿ ಹಿಟ್ಟು ನಾನೇ ನಾದುತ್ತಿದ್ದೇನೆ.

ಇನ್ನು ನಾನು ತೊಗಲು ಕೊಯ್ಯುವ ಆ ಫೋಟೋ. ಲೀಲಾಳ ಮುಖ ನೋಡಿ ಮೊಬೈಲಿನಿಂದ ತೆಗೆದುಹಾಕಿದ್ದೇನೆ, ಬೈಲಹೊಂಗಲದವರಿಗೆ ಇನ್ನು ಕಾಣುವುದಿಲ್ಲ. ತೆಗೆದ ಮೇಲೆ ಮನಸ್ಸಿಗೆ ಸರಿಯೆನಿಸಲಿಲ್ಲ, ಅದನ್ನೂ ಬರೆಯುತ್ತೇನೆ. ನಮ್ಮ ಮನೆಯ ಮಿಣಿ, ಬಾರು, ಅಜ್ಜನ ಬಾರುಕೋಲು ಎಲ್ಲ ದ್ಯಾಮಪ್ಪನ ಕೈಯಿಂದಲೇ ಬರುತ್ತಿದ್ದವು. ರಾಶಿಯ ದಿನ ಜೋಳದ ಆಯಕ್ಕೆ ಬಂದರೆ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದ. ತೊಗಲು ಕೊಯ್ಯುವ ಅವನ ರಂಪಿಗೆ ಹೇಗೆ ಓಡುತ್ತಿತ್ತು, ಉಗುರು ಎಲ್ಲಿರುತ್ತಿತ್ತು, ನನಗೆ ಗೊತ್ತಿಲ್ಲ. ಅವರ ಓಣಿಗೆ ನೀವು ನನ್ನನ್ನು ಬಿಡುತ್ತಿರಲಿಲ್ಲ. ಊರಲ್ಲೇ ಕಲಿಯಬಹುದಾಗಿದ್ದನ್ನು ಸಮುದ್ರ ದಾಟಿ ಬಂದು ಕಲಿಯುತ್ತಿದ್ದೇನೆ. ಸಮಗಾರ ಹರಳಯ್ಯನ ಪುರಾಣಕ್ಕೆ ಕಣ್ಣೊರೆಸಿಕೊಳ್ಳುವವಳು ನೀನೇ ಅವ್ವ. ಆ ಕಥೆಯಲ್ಲೂ ಗದ್ದಲ ಎದ್ದದ್ದು ಮದುವೆಯಿಂದಲೇ. ಇದನ್ನು ಅಪ್ಪನ ಮುಂದೆ ಓದಬೇಡ ಎಂದು ಲೀಲಾಳಿಗೆ ಹೇಳು. ಅಥವಾ ಓದಲಿ, ಬಿಡು.

ಆ ಮನೆಯವರು ಇಷ್ಟಕ್ಕೇ ಹಿಂದೆ ಸರಿದರೆ ಸರಿಯಲಿ ಎಂದು ನಾನು ಇಲ್ಲಿ ಕುಳಿತು ಹೇಳುವುದು ಸುಲಭ, ಗೊತ್ತು. ದಿನಾ ನಾಲ್ಕು ಜನರಿಗೆ ಉತ್ತರ ಕೊಡುವವಳು ನೀನು. ಆದರೆ ಆ ಹುಡುಗನ ಬಗ್ಗೆ ಲೀಲಾ ಏನನ್ನುತ್ತಾಳೆ? ಎರಡು ಹಾಳೆ ಬರೆಸಿದ್ದೀಯ, ಅವಳ ಮಾತು ಒಂದು ಸಾಲೂ ಇಲ್ಲ. ಈ ಸಲ ಅವಳೇ ಒಂದು ಕಾಗದ ಬರೆಯಲಿ. ಮದುವೆಯ ಖರ್ಚಿಗೆ ಹೆದರಬೇಡ, ಅದು ನನ್ನದು. ಮಾತು ಮುಂದೆ ಹೋದರೆ ನಾನೇ ಬಂದು ಕೂರುತ್ತೇನೆ. ನಿಜವಾಗಿಯೂ ಎಲ್ಲ ಚೆನ್ನಾಗಿದೆ, ಏನೇನೂ ಚಿಂತೆ ಬೇಡ.

ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಫೋಟೋ ಕಳಿಸಿ. ಅಜ್ಜನ ಬಾರುಕೋಲು ಗೂಟದಲ್ಲಿ ಒಣಗಿ ಬಿರುಕು ಬಿಟ್ಟಿರಬೇಕು, ಇಳಿಸಿ ಎಣ್ಣೆ ಹಚ್ಚಲು ಅಪ್ಪನಿಗೆ ಹೇಳು. ದ್ಯಾಮಪ್ಪನ ಮಗ ಊರಲ್ಲಿದ್ದರೆ, ಬಾರನ್ನು ಓರೆಗೆ ಹೆರೆಯುವಾಗ ಅವನ ಅಪ್ಪ ಕಾಲಿನಲ್ಲಿ ಒತ್ತಿ ಹಿಡಿಯುತ್ತಿದ್ದನೋ ಕೈಯಲ್ಲೋ ಎಂದು ಕೇಳು. ಒಳಗೆ ಕರೆದು, ಚಹಾ ಕೊಟ್ಟು ಕೇಳು.

ಇಲ್ಲಿ ಜೂನ್ ಎಂದರೆ ಚಳಿ, ಬೆರಳು ಸೆಟೆಯುತ್ತಿವೆ. ಬೆಳಿಗ್ಗೆ ಆರಕ್ಕೆ ಏಳಬೇಕು. ನಿನ್ನ ಮೊಣಕಾಲಿನ ಔಷಧಕ್ಕೆ ಹಣ ಹಾಕಿದ್ದೇನೆ, ಬ್ಯಾಂಕಿನಲ್ಲಿ ನೋಡಿಸು. ಉಳಿದದ್ದು ಫೋನಿನಲ್ಲಿ.

ನಿನ್ನ ಮಗ,
ಬಸು