ಎಂಟು ಕುದುರೆ ಹೋದರೆ ಹೋಗಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟದಲ್ಲಿ ಮಾರುತಿ ಸುಜುಕಿ ಕಂಪನಿಯ ಹೊಸ ಸ್ವಿಫ್ಟ್ ಕಾರಿನ ಬಗ್ಗೆ ಬಂದ ಬರಹ ಓದಿದೆ. ನೋಡಲು ಚೆಂದ, ಮೈಲೇಜ್ ಚೆನ್ನಾಗಿದೆ, ಆದರೆ ಎಂಜಿನ್ ಸಪ್ಪೆ, ಹಳೆಯ ಹುರುಪು ಹೋಯಿತು ಎನ್ನುವುದು ಅದರ ಸಾರ. ಬರೆದವರು ಗಾಡಿ ಓಡಿಸಿದ್ದು ಬೆಂಗಳೂರಿನ ರಿಂಗ್ ರೋಡಿನಲ್ಲಿ ಮತ್ತು ಮೈಸೂರು ಹೆದ್ದಾರಿಯಲ್ಲಿ ಅಂತ ಅವರೇ ಹೇಳಿದ್ದಾರೆ. ಸ್ವಿಫ್ಟ್ ಎಂಥ ಗಾಡಿ ಅಂತ ತಿಳಿಯಲು ಆ ಎರಡು ರಸ್ತೆ ಸಾಲದು. ಒಂದರಲ್ಲಿ ಗಾಡಿ ಮುಂದಕ್ಕೇ ಹೋಗುವುದಿಲ್ಲ, ಇನ್ನೊಂದರಲ್ಲಿ ಸ್ಟೇರಿಂಗ್ ತಿರುಗಿಸುವ ಕೆಲಸವೇ ಇಲ್ಲ.

ನಾನು ತೀರ್ಥಹಳ್ಳಿಯವಳು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತಳಾಗಿದ್ದೇನೆ. ಮಗಳ ಮನೆ ಮಣಿಪಾಲದಲ್ಲಿ. ಹಾಗಾಗಿ ಆಗುಂಬೆ ಘಾಟಿ ನನಗೆ ಸೂರ್ಯಾಸ್ತ ನೋಡುವ ಜಾಗವಲ್ಲ, ಹೋಗಿ ಬರುವ ದಾರಿ. ನನ್ನ ಹಳೆಯ ಕಾರು 1.3 ಲೀಟರಿನ ಮೊದಲ ಸ್ವಿಫ್ಟ್. ಈಗಿರುವುದು 2024ರ ಮೇ ತಿಂಗಳಲ್ಲಿ ಬಿಡುಗಡೆಯಾದ ಹೊಸ ಮಾದರಿ, ನೀಲಿ ಬಣ್ಣದ್ದು, ಕೈಯಲ್ಲಿ ಗೇರ್ ಹಾಕುವಂಥದ್ದು. ಎರಡನ್ನೂ ಇದೇ ಘಾಟಿಯಲ್ಲಿ ಓಡಿಸಿರುವುದರಿಂದ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂತ ಅಂದುಕೊಂಡಿದ್ದೇನೆ.

ಮೊದಲು ಕುದುರೆ ಲೆಕ್ಕ. ಹಿಂದಿನ ಸ್ವಿಫ್ಟ್‌ನಲ್ಲಿ, ಅಂದರೆ ಹೊಸದು ಬರುವ ತನಕ ಮಾರುತ್ತಿದ್ದದ್ದರಲ್ಲಿ, ನಾಲ್ಕು ಸಿಲಿಂಡರ್, 90 ಅಶ್ವಶಕ್ತಿ. ಹೊಸದರಲ್ಲಿ ಮೂರು ಸಿಲಿಂಡರ್, 82. ನಿಮ್ಮ ಬರಹಗಾರರು ಈ ಎಂಟು ಕುದುರೆಗಾಗಿ ಅರ್ಧ ಪುಟ ಅತ್ತಿದ್ದಾರೆ. ಕಾಗದದ ಮೇಲೆ ಹಿಂದಿನದೇ ಮೇಲು, ಒಪ್ಪಿದೆ. ಆದರೆ ಎಲ್ಲರೂ ಹೊಗಳಿ ಹೊಗಳಿ ದೇವರು ಮಾಡಿರುವ 2005ರ ಸ್ವಿಫ್ಟ್‌ನ ಪಕ್ಕ ಇಟ್ಟು ನೋಡಿ. ಅದರಲ್ಲಿ ಇದ್ದದ್ದು 87 ಅಶ್ವಶಕ್ತಿ, ಗಾಡಿಯ ತೂಕ ಹೆಚ್ಚುಕಡಿಮೆ 1,000 ಕೆ.ಜಿ. ಹೊಸದು 920ರ ಆಸುಪಾಸು. ಟನ್ನಿಗೆ ಇಷ್ಟು ಅಂತ ಭಾಗಿಸಿದರೆ ಹಳೆಯದಕ್ಕೆ 87, ಹೊಸದಕ್ಕೆ 89. ಆರು ಏರ್‌ಬ್ಯಾಗ್, ದೊಡ್ಡ ಪರದೆ ಎಲ್ಲ ಹೊತ್ತುಕೊಂಡೂ ಹೊಸ ಗಾಡಿ ಹಗುರವಾಗಿದೆ. ಇದರ ಬಗ್ಗೆ ಬರಹದಲ್ಲಿ ಒಂದು ಸಾಲೂ ಇಲ್ಲ. ಲೆಕ್ಕ ಬರೆದವಳಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಘಾಟಿ ಹತ್ತುವಾಗ ಕೆಲಸಕ್ಕೆ ಬರುವುದು ಅಶ್ವಶಕ್ತಿಗಿಂತ ಟಾರ್ಕ್, ಅಂದರೆ ಎಳೆಯುವ ಬಲ. ಅದು ಹಿಂದಿನದರಲ್ಲಿ 113 ನ್ಯೂಟನ್ ಮೀಟರ್, ಇದರಲ್ಲಿ 112. ಆ ಒಂದು ಅಂಕ ಯಾರಿಗೂ ಗೊತ್ತಾಗುವುದಿಲ್ಲ. ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ಬಸ್ಸುಗಳು ತಿರುಗಲಾರವು, ಅದಕ್ಕೇ ಅಲ್ಲಿ ಮಿನಿ ಬಸ್ಸುಗಳ ರಾಜ್ಯ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿ, ಒಳಗಡೆ ಒತ್ತಿಕೊಂಡು, ಮೂತಿ ನೇರವಾಗುತ್ತಿದ್ದಂತೆ ಕಾಲು ಒತ್ತಿದರೆ ಈ ಗಾಡಿ ಗೊಣಗದೆ ಎದ್ದು ಹೋಗುತ್ತದೆ. ಎಂಜಿನ್ ಸುತ್ತು ನಿಮಿಷಕ್ಕೆ 2,000ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಗಡಗಡ ಅನ್ನುತ್ತದೆ. ಬೀಳಲು ಬಿಡಬಾರದು, ಅಷ್ಟೇ. ಗೇರ್ ಬದಲಿಸಲು ಬೇಜಾರು ಇರುವವರು ಸುಮ್ನೆ ಆಟೊಮ್ಯಾಟಿಕ್ ತಗೊಳ್ಳಲಿ.

ಒಂದು ಸಂಗತಿ ಬಿಡಿಸಿ ಹೇಳಬೇಕು. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನುವುದು ಘಾಟಿಯ ನಿಯಮ. ಆದರೆ ಮಿನಿ ಬಸ್ಸಿನವರಿಗೆ ಸಮಯದ ಗಡಿಬಿಡಿ. ತಿರುವಿನ ಬಾಯಲ್ಲಿ ಅವರ ಮೂತಿ ಕಂಡರೆ ನಾವೇ ನಿಲ್ಲುವುದು ಒಳ್ಳೆಯದು. ಏರಿನಲ್ಲಿ, ತಿರುವಿನ ನಡುವೆ, ಹಿಂದೆ ಇನ್ನೊಂದು ಕಾರು ಅಂಟಿಕೊಂಡಿರುವಾಗ ನಿಂತು ಮತ್ತೆ ಹೊರಡಬೇಕು. ಹಳೆಯ ಕಾರಿನಲ್ಲಿ ನಾನು ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಅರ್ಧ ಬಿಟ್ಟು, ಎಂಜಿನ್ ಸ್ವಲ್ಪ ತಗ್ಗಿದ ಸದ್ದು ಕೇಳಿದ ಮೇಲೆ ಬ್ರೇಕ್ ಇಳಿಸುತ್ತಿದ್ದೆ. ಮಳೆಯಲ್ಲಿ, ಮಂಜಿನಲ್ಲಿ, ಪಕ್ಕದಲ್ಲಿ ಕುಳಿತವರ ಸಲಹೆಗಳ ನಡುವೆ. ಹೊಸದರಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಗಾಡಿ ಒಂದೆರಡು ಸೆಕೆಂಡು ತಾನೇ ಹಿಡಿದು ನಿಲ್ಲುತ್ತದೆ. ಈ ಹಿಲ್ ಹೋಲ್ಡ್ ಸೌಲಭ್ಯ ಕಡಿಮೆ ಬೆಲೆಯ ಮಾದರಿಯಲ್ಲೂ ಇದೆ. ಸನ್‌ರೂಫ್ ಇಲ್ಲ ಅಂತ ಮೂಗು ಮುರಿಯುವವರು ಒಂದು ಸಲ ಏಳನೇ ತಿರುವಿನಲ್ಲಿ ನಿಂತು ಹೊರಡಲಿ.

ನಮ್ಮ ಮನೆಯವರಿಗೆ ಎತ್ತರದ ಎಸ್‌ಯುವಿ ಬೇಕಿತ್ತು. ಬೆಂಗಳೂರಿನಲ್ಲಿರುವ ಮಗನದೂ ಅದೇ ಹಾಡು, 'ಎಲ್ಲರೂ ಅದನ್ನೇ ತಗೋತಿದಾರಲ್ಲಮ್ಮಾ' ಅಂತ. ಅವರ ಮಾತಿನಲ್ಲೂ ಹುರುಳಿದೆ. ಸ್ವಿಫ್ಟ್‌ನ ನೆಲದ ಅಂತರ 163 ಮಿಲಿಮೀಟರ್, ತೋಟದ ದಾರಿಯಲ್ಲಿ ಕೊರಕಲು ಬಿದ್ದ ಕಡೆ ನಾನೇ ಉಸಿರು ಹಿಡಿದು ದಾಟಿಸುತ್ತೇನೆ. ಆದರೆ ಕಾರಿನ ಉದ್ದ 3.86 ಮೀಟರ್ ಮಾತ್ರ. ಕೆಲವು ತಿರುವಿನಲ್ಲಿ ದೊಡ್ಡ ಗಾಡಿಯವರು ಎದುರಿನ ಅರ್ಧ ರಸ್ತೆಯನ್ನೂ ನುಂಗಿಕೊಂಡು ತಿರುಗುವಾಗ ನಾನು ನನ್ನ ಪಾಲಿನ ರಸ್ತೆಯಲ್ಲೇ ಇರುತ್ತೇನೆ. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತದೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ. ನಮ್ಮ ಮೊಮ್ಮಗಳು ತನ್ನ ಅಪ್ಪನ ಎಸ್‌ಯುವಿಯಲ್ಲಿ ಹೆಬ್ರಿ ದಾಟುವ ಮೊದಲೇ ಪ್ಲಾಸ್ಟಿಕ್ ಚೀಲ ಕೇಳುತ್ತಾಳೆ, ನನ್ನ ಕಾರಿನಲ್ಲಿ ಚಕ್ಕುಲಿ ಕೇಳುತ್ತಾಳೆ.

ಶೋರೂಮಿನ ಕತೆಯನ್ನೂ ಹೇಳಿಬಿಡುತ್ತೇನೆ. ಯಾವ ಊರು, ಯಾವ ಡೀಲರ್ ಅನ್ನುವುದು ಬೇಡ. ಎಂಜಿನ್ ಬಗ್ಗೆ ಕೇಳಿದ್ದು ನಾನು, ಉತ್ತರ ಹೋಗಿದ್ದು ನಮ್ಮ ಮನೆಯವರಿಗೆ. ನನಗೆ ಮಾತ್ರ ಆ ಹುಡುಗ ಬಣ್ಣಗಳ ಚಾರ್ಟ್ ಕೊಟ್ಟ. 'ಮೇಡಂಗೆ ಆರೆಂಜ್ ಚೆನ್ನಾಗಿ ಕಾಣುತ್ತೆ ಸರ್' ಅಂದ. ಟೆಸ್ಟ್ ಡ್ರೈವ್‌ಗೆ ಕೀ ಚಾಚಿದ್ದೂ ಇವರ ಕಡೆಗೇ. ಇವರು ಕೈ ಹಿಂದೆ ಕಟ್ಟಿಕೊಂಡು, 'ನನಗೆ ಲೈಸೆನ್ಸೇ ಇಲ್ಲ ಮಾರಾಯ' ಅಂದರು. ಪಾಪ, ಆಮೇಲೆ ಅವನು ತುಂಬಾ ಮರ್ಯಾದೆಯಿಂದ ನಡೆದುಕೊಂಡ.

ಅಂದದ ಬಗ್ಗೆ ನಿಮ್ಮ ಬರಹಗಾರರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ದೂರದಿಂದ ನೋಡಿದರೆ ಇದು ಸ್ವಿಫ್ಟ್ ಅಂತ ಮಗುವಿಗೂ ಗೊತ್ತಾಗುತ್ತದೆ. ಆದರೆ ಹತ್ತಿರ ಬಂದರೆ ಹಳೆಯ ತಗಡು ಒಂದೂ ಇಲ್ಲ. ಬಾನೆಟ್ಟಿನ ಅಂಚು ಮೇಲ್ಗಡೆ ನಿಲ್ಲದೆ ಪಕ್ಕಕ್ಕೆ ಮಡಚಿಕೊಂಡು ಬಂದಿದೆ. ಆ ಸೀಳುಗೆರೆ ಚಕ್ರದ ಮೇಲೆ ಹಾದು ಬಾಗಿಲಿನ ಕಡೆಗೆ ನೇರ ಹೋಗುತ್ತದೆ, ಹಿಂದಿನ ದೀಪದವರೆಗೂ ಒಂದು ಏಣು ಇದೆ. ತೊಳೆಯುವಾಗ ಬಟ್ಟೆ ಆ ಏಣಿನ ಮೇಲೆ ಓಡುವುದೇ ಒಂದು ಖುಷಿ. ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ ಇಟ್ಟಿದ್ದಾರೆ, ಆದ್ದರಿಂದ ನಿಂತಲ್ಲೇ ಹಾರಲು ತಯಾರಾದ ಬೆಕ್ಕಿನ ಹಾಗೆ ಕಾಣುತ್ತದೆ.

ಹಿಂಬಾಗಿಲಿನ ಹಿಡಿಕೆ ವಾಪಸ್ ಬಾಗಿಲಿಗೇ ಬಂದಿರುವುದು ಇನ್ನೊಂದು ದೊಡ್ಡ ಉಪಕಾರ. 2018ರ ಮಾದರಿಯಲ್ಲಿ ಅದನ್ನು ಕಿಟಕಿಯ ಪಕ್ಕದ ಕಪ್ಪು ಕಂಬದಲ್ಲಿ ಬಚ್ಚಿಟ್ಟಿದ್ದರು. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಅಂತ. ನನ್ನ ತಮ್ಮನ ಹತ್ತಿರ ಆ ಗಾಡಿ ಇದೆ. ಮದುವೆಮನೆ ಮುಂದೆ ನಮ್ಮ ಚಿಕ್ಕಮ್ಮ ರೇಷ್ಮೆ ಸೀರೆಯಲ್ಲಿ ನಿಂತು ಬಾಗಿಲು ತಡವುತ್ತಾ, 'ಇದಕ್ಕೆ ಹಿಡಿಕೆಯೇ ಇಟ್ಟಿಲ್ಲ ಅಲ್ವಾ' ಅಂತ ಕೇಳಿದ್ದು ಇನ್ನೂ ಮನೆಯಲ್ಲಿ ನಗೆಮಾತು.

ಹಾಗಂತ ಎಲ್ಲವೂ ಸರಿಯಿದೆ ಅನ್ನುತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮೂರು ಸಿಲಿಂಡರಿನ ನಡುಕ ಸ್ಟೇರಿಂಗಿಗೆ ಬರುತ್ತದೆ. ಒಳಗಡೆ ಎಲ್ಲವೂ ಕಪ್ಪು, ಕಲ್ಲಿನಷ್ಟು ಗಟ್ಟಿ ಪ್ಲಾಸ್ಟಿಕ್. ಹಿಂದಿನ ಚಕ್ರಕ್ಕೆ ಇನ್ನೂ ಡ್ರಮ್ ಬ್ರೇಕೇ. ಹಿಂದಿನ ಸ್ವಿಫ್ಟ್‌ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆಯ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್ ಅನ್ನುವುದೂ ನನಗೆ ಗೊತ್ತು. ಇದೇ ಬಳಗದ, ಹಿಂದೆ ಡಿಕ್ಕಿ ಇರುವ ಹೊಸ ಡಿಜೈರ್‌ಗೆ 2024ರಲ್ಲಿ ಐದು ಸ್ಟಾರ್ ಬಂದದ್ದು ನೋಡಿ ಸ್ವಲ್ಪ ಧೈರ್ಯ ಬಂತು.

ಇನ್ನು ನಾನು ಪೆನ್ನು ಹಿಡಿದ ನಿಜವಾದ ಕಾರಣಕ್ಕೆ ಬರುತ್ತೇನೆ. ಹುರುಪು ಕಡಿಮೆಯಾಗಿದೆ ಅಂತ ಕಂಪನಿಯನ್ನು ಬೈದರೆ ಅರ್ಧ ಕತೆ ಹೇಳಿದಂತೆ. ಉಳಿದರ್ಧ ತೆರಿಗೆಯ ಪುಸ್ತಕದಲ್ಲಿದೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರು ಅಂದರೆ ಏನು ಅಂತ ಗೆರೆ ಎಳೆದರು. ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು, ಡೀಸೆಲ್ 1,500. ಗೆರೆಯೊಳಗೆ ಇದ್ದವಕ್ಕೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಯಿತು. ಹಿಂದಿನ ವರ್ಷವಷ್ಟೇ ಬಂದಿದ್ದ ಸ್ವಿಫ್ಟ್‌ನ ಪೆಟ್ರೋಲ್ ಎಂಜಿನ್ 1,298 ಸಿಸಿ. ತೊಂಬತ್ತೆಂಟು ಸಿಸಿಯಲ್ಲಿ ತಪ್ಪಿಹೋಯಿತು. ಅದಕ್ಕೇ 2010ರಲ್ಲಿ ಆ 1.3 ಹೋಗಿ 1.2 ಬಂತು. ಡಿಜೈರ್ ಗತಿಯೂ ಇದೇ. ಮೊದಲು 4.16 ಮೀಟರ್ ಇತ್ತು, 2012ರಲ್ಲಿ ಡಿಕ್ಕಿ ಕತ್ತರಿಸಿ 3.995 ಮಾಡಿದರು. ಆ ಡಿಕ್ಕಿ ನೋಡಿದವರಿಗೆ ಕತ್ತರಿ ಎಲ್ಲಿ ಆಡಿದೆ ಅಂತ ಹೇಳಿಕೊಡಬೇಕಿಲ್ಲ.

ಜಿಎಸ್‌ಟಿ ಬಂದರೂ ಗೆರೆ ಅಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್, ಆಚೆಯದಕ್ಕೆ 40. ಜಪಾನಿನಲ್ಲಿ 2017ರಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್ ಅನ್ನುವ ಗಾಡಿ ನಮ್ಮ ಹುಡುಗರ ಕನಸು. 1.4 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬಿ ಸಣ್ಣ ಎಂಜಿನ್ನಿನಿಂದಲೇ ಹೆಚ್ಚು ಬಲ ತೆಗೆಯುವಂಥದ್ದು), 140 ಅಶ್ವಶಕ್ತಿ, ತೂಕ 970 ಕೆ.ಜಿ. ಅದು ಇಲ್ಲಿಗೆ ಬಂದರೆ ನೇರ 40 ಪರ್ಸೆಂಟಿನ ಸಾಲಿಗೆ. ಆ ಬೆಲೆಗೆ ಸ್ವಿಫ್ಟ್ ಯಾರು ಕೊಳ್ಳುತ್ತಾರೆ? ಕಂಪನಿ ತರಲಿಲ್ಲ, ನಾನು ದೂರುವುದಿಲ್ಲ.

ಆದರೆ ಗೆರೆ ದಾಟದೆಯೂ ದಾರಿ ಇದೆ. ಇದೇ ಕಂಪನಿ 2023ರಿಂದ ಫ್ರಾಂಕ್ಸ್ ಕಾರಿನಲ್ಲಿ 1.0 ಲೀಟರ್ ಟರ್ಬೊ ಎಂಜಿನ್ ಕೊಡುತ್ತಿದೆ. 998 ಸಿಸಿ, 100 ಅಶ್ವಶಕ್ತಿ, ಟಾರ್ಕ್ 148. ಫ್ರಾಂಕ್ಸ್ ಸ್ವಿಫ್ಟ್‌ಗಿಂತ ಭಾರದ ಗಾಡಿ. 2017ರಲ್ಲಿ ಇದೇ ಅಳತೆಯ ಟರ್ಬೊವನ್ನು ಬಲೆನೊ ಆರ್‌ಎಸ್‌ನಲ್ಲಿ ಹಾಕಿ ಮಾರಿದ್ದೂ ಇದೇ ಕಂಪನಿ. ಹ್ಯುಂಡೈನವರು 2021ರಿಂದ ಐ20 ಎನ್ ಲೈನ್‌ನಲ್ಲಿ ಇದೇ 998 ಸಿಸಿಯಿಂದ 120 ಅಶ್ವಶಕ್ತಿ ತೆಗೆಯುತ್ತಿದ್ದಾರೆ. ಅದೂ ಮೂರೇ ಸಿಲಿಂಡರ್. ಅಂದಮೇಲೆ ಸಿಲಿಂಡರಿನ ಎಣಿಕೆಗೆ ಅಳುವುದರಲ್ಲಿ ಅರ್ಥವಿಲ್ಲ. ಆ ಟರ್ಬೊವನ್ನು ಹೊಸ ಸ್ವಿಫ್ಟ್‌ನ ಹಗುರ ಮೈಯೊಳಗೆ ಇಟ್ಟು, ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟು, ಕ್ಲಚ್ಚು ಗೇರು ಹಾಗೇ ಉಳಿಸಿದರೆ ಸಾಕು. ತೆರಿಗೆ 18 ಪರ್ಸೆಂಟೇ ಇರುತ್ತದೆ. ಎಂಜಿನ್ ಹೊಸದಾಗಿ ಹುಡುಕಬೇಕಿಲ್ಲ. ಸ್ಟಿಕರ್, ಕೆಂಪು ದಾರದ ಹೊಲಿಗೆ, ಸದ್ದು ಮಾಡುವ ಸೈಲೆನ್ಸರ್ ಏನೂ ಬೇಡ.

ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ನಡೆದಾಗ ಬೇಲಿ ಹತ್ತಿ ನಿಲ್ಲುವ ಹುಡುಗರನ್ನು ಕೇಳಿ ನೋಡಿ, ಇಂಥ ಗಾಡಿ ಬೇಕೋ ಬೇಡವೋ ಅಂತ. ಹುಡುಗರು ಮಾತ್ರ ಯಾಕೆ, ನನ್ನಂಥ ಅಜ್ಜಿಯರನ್ನೂ ಕೇಳಿ. ಮುಂದಿನ ಸಲ ನಿಮ್ಮ ಪುಟದಲ್ಲಿ ಕಂಪನಿಯವರ ಸಂದರ್ಶನ ಬಂದರೆ ದಯವಿಟ್ಟು ಈ ಒಂದು ಪ್ರಶ್ನೆ ಹಾಕಿ. ಟರ್ಬೊ ಸ್ವಿಫ್ಟ್ ಕೊಟ್ಟರೆ ಒಂದು ಲಕ್ಷ ಜಾಸ್ತಿ ಕೊಡಲು ನಾನು ತಯಾರಿದ್ದೇನೆ. ನಮ್ಮ ಮನೆಯವರನ್ನು ಇನ್ನೂ ಕೇಳಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗಿ,
ತೀರ್ಥಹಳ್ಳಿ